ಶಾಪ, ಷರತ್ತು, ಪ್ರೀತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಇಂಗ್ಲಿಷಿನಲ್ಲಿ ‘ಯಂಗ್ ಅಡಲ್ಟ್ ಫ್ಯಾಂಟಸಿ’ (ಹದಿಹರೆಯದವರಿಗೆಂದು ಬರೆದ ಮಾಯಾಲೋಕದ ಕಥೆ) ಎಂಬ ಹೆಸರಿನಲ್ಲಿ ಬರುವ ಪ್ರೇಮ ಕಾದಂಬರಿಗಳ ಕುರಿತು ಈಚೆಗೆ ಬಂದ ಪತ್ರಗಳನ್ನು ಒಟ್ಟುಗೂಡಿಸಿ ಈ ಬಾರಿಯ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ. ಕಥೆಯ ಗುಟ್ಟನ್ನು ಪೂರ್ತಿ ಮುಚ್ಚಿಟ್ಟು ಕಾದಂಬರಿಯ ಬಗ್ಗೆ ಮಾತನಾಡುವುದು ಕಷ್ಟ. ಕೆಲವು ಕಡೆ ಬಿಟ್ಟುಕೊಟ್ಟಿದ್ದೇನೆ. ಮುಂದೇನಾಗುತ್ತದೆ ಎಂಬುದನ್ನು ತಾವೇ ಓದಿ ತಿಳಿಯಬೇಕೆನ್ನುವವರು ಆ ಸಾಲುಗಳನ್ನು ದಾಟಿ ಮುಂದೆ ಹೋಗಬಹುದು.

ಪ್ರಶ್ನೆ: ನನಗೆ ನಲವತ್ತಾರು ವರ್ಷ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಕಾರಂತ, ಭೈರಪ್ಪ, ತ್ರಿವೇಣಿಯವರನ್ನು ಓದಿ ಬೆಳೆದವಳು. ಮಗಳು ಹಾಸ್ಟೆಲಿಗೆ ಹೊರಟಾಗ ಮನೆಯಲ್ಲೇ ಬಿಟ್ಟುಹೋದ ಹಾಲಿ ಬ್ಲ್ಯಾಕ್ ಅವರ ‘ದಿ ಕ್ರೂಯಲ್ ಪ್ರಿನ್ಸ್’ ಕಾದಂಬರಿಯನ್ನು ಬೇಸಿಗೆ ರಜೆಯಲ್ಲಿ ಸುಮ್ಮನೆ ತೆರೆದೆ. ಮುಗಿಸುವವರೆಗೆ ಕೆಳಗಿಡಲಾಗಲಿಲ್ಲ, ಮುಂದಿನ ಎರಡು ಭಾಗಗಳನ್ನೂ ತರಿಸಿ ಓದಿದೆ. ಸಹೋದ್ಯೋಗಿಗಳ ಮುಂದೆ ಹೇಳಿಕೊಳ್ಳಲು ಸಂಕೋಚ. ಈ ವಯಸ್ಸಿನಲ್ಲಿ ಹದಿನೇಳರ ಹುಡುಗಿಯೊಬ್ಬಳ ಪ್ರೇಮಕಥೆ ನನ್ನನ್ನು ಹೀಗೆ ಹಿಡಿದದ್ದು ಏಕೆ? – ಶಿಕ್ಷಕಿ, ಶಿವಮೊಗ್ಗ

ಉತ್ತರ: ಸಂಕೋಚದ ಮಾತನ್ನು ಮೊದಲು ಮುಗಿಸಿಬಿಡೋಣ. ಪುಸ್ತಕೋದ್ಯಮದ ಅಂಕಿಅಂಶ ಕಲೆಹಾಕುವ ಅಮೆರಿಕದ ಬೌಕರ್ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಹನ್ನೆರಡರಿಂದ ಹದಿನೇಳು ವರ್ಷದವರಿಗೆಂದೇ ಹೊರಬರುವ ಪುಸ್ತಕಗಳನ್ನು ಕೊಳ್ಳುವವರಲ್ಲಿ ಶೇ 55ರಷ್ಟು ಮಂದಿ ಹದಿನೆಂಟು ದಾಟಿದವರು, ಮತ್ತು ಅವರಲ್ಲಿ ಹೆಚ್ಚಿನವರು ಕೊಂಡದ್ದು ತಮ್ಮ ಸ್ವಂತ ಓದಿಗಾಗಿಯೇ. ನೀವು ಒಂಟಿಯಲ್ಲ. ಇನ್ನು ಸಹೋದ್ಯೋಗಿಗಳಿಗೆ ಹೇಳುವುದೂ ಬಿಡುವುದೂ ನಿಮ್ಮ ಇಷ್ಟ.

ನಿಮ್ಮ ‘ಏಕೆ’ ಎಂಬ ಪ್ರಶ್ನೆಗೆ ಹೆಚ್ಚು ಜಾಗ ಕೊಡಬೇಕು. ನಾಯಕಿ ಜೂಡ್ ಏಳು ವರ್ಷದವಳಿದ್ದಾಗ ಅವಳ ತಂದೆತಾಯಿಯನ್ನು ಕೊಂದವನೇ ಅವಳನ್ನೂ ಅವಳ ಅಕ್ಕತಂಗಿಯರನ್ನೂ ಫೇರಿಗಳ, ಅಂದರೆ ಐರೋಪ್ಯ ಜನಪದ ಕಥೆಗಳ ಮಾಯಾಜೀವಿಗಳ ನಾಡಿಗೆ ಕೊಂಡೊಯ್ದು ಸಾಕುತ್ತಾನೆ. ಆ ನಾಡಿನ ನಿಯಮಗಳನ್ನು ನೀವು ಗಮನಿಸಿರಬೇಕು. ಅಲ್ಲಿನವರು ಮನುಷ್ಯರನ್ನು ಮಾಯೆಗೆ ಒಳಪಡಿಸಬಲ್ಲರು. ಅಲ್ಲಿನ ಹಣ್ಣು ತಿಂದ ಮನುಷ್ಯರಿಗೆ ಮೈಮೇಲೆ ಎಚ್ಚರವಿರುವುದಿಲ್ಲ. ಅದಕ್ಕಾಗಿ ಜೂಡ್ ಊಟಕ್ಕೆ ಉಪ್ಪು ಉದುರಿಸಿಕೊಳ್ಳುತ್ತಾಳೆ, ಕಾಲುಚೀಲವನ್ನು ಒಳಹೊರಗು ಮಾಡಿ ತೊಡುತ್ತಾಳೆ. (ಉಪ್ಪು ನಿವಾಳಿಸಿ ದೃಷ್ಟಿ ತೆಗೆಯುವ ಮನೆಗಳಿಂದ ಬಂದ ನಮಗೆ ಇದು ಹೊಸದೇನೂ ಅಲ್ಲ.) ಎಲ್ಲಕ್ಕಿಂತ ಮುಖ್ಯವಾದ ನಿಯಮವೊಂದಿದೆ: ಫೇರಿಗಳು ಸುಳ್ಳು ಹೇಳಲಾರರು, ಮನುಷ್ಯರು ಹೇಳಬಲ್ಲರು. ಬಲದಲ್ಲಿ, ಆಯುಷ್ಯದಲ್ಲಿ, ರೂಪದಲ್ಲಿ ಎಲ್ಲರಿಗಿಂತ ಕೆಳಗಿರುವ ಜೂಡ್ ಬಳಿ ಇರುವ ಒಂದೇ ಆಯುಧ ಅವಳ ಸುಳ್ಳು.

ಈಗ ಆ ಕಾದಂಬರಿಯ ಅತ್ಯಂತ ಬಿಗಿಯಾದ ಸನ್ನಿವೇಶವನ್ನು ನೆನಪಿಸಿಕೊಳ್ಳಿ. ಅಷ್ಟೂ ಪುಟಗಳಲ್ಲಿ ಅವಳನ್ನು ಹಿಂಸಿಸಿದ ರಾಜಕುಮಾರ ಕಾರ್ಡನ್ ಅವಳ ಕೈಗೆ ಸಿಕ್ಕಿದ್ದಾನೆ. ಆಯುಧ ಹಿಡಿದು ಅವಳು ಕೇಳುತ್ತಾಳೆ: ನನ್ನನ್ನು ಇಷ್ಟೇಕೆ ದ್ವೇಷಿಸುತ್ತೀಯೆ? ಅವನು ಒಂದೆರಡು ಕಾರಣ ಕೊಟ್ಟು ಕೊನೆಗೆ, ಅವಳ ಯೋಚನೆ ತನ್ನ ತಲೆಯಿಂದ ಹೋಗುವುದೇ ಇಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತಾನೆ. ಬೇರೆ ಯಾವ ಕಾದಂಬರಿಯಲ್ಲಾದರೂ ಈ ಮಾತನ್ನು ಹುಡುಗನೊಬ್ಬ ಆಡಿದರೆ, ಹುಡುಗಿಯೂ ಓದುಗರೂ ಇದು ನಿಜವೋ ನಟನೆಯೋ ಎಂದು ಅನುಮಾನಿಸಬಹುದು. ಇಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ, ಏಕೆಂದರೆ ಅವನಿಗೆ ಸುಳ್ಳಾಡಲು ಬರುವುದಿಲ್ಲ. ಅವನ ಮಾತು ಅವನಿಗೇ ಅವಮಾನ, ಅವಳಿಗೆ ಆಘಾತ. ಆದರೆ ಅವಳು ಮರಳಿ ಏನು ಹೇಳಿದರೂ ಅದು ನಿಜವೇ ಎಂಬ ಖಾತರಿ ಅವನಿಗಿಲ್ಲ. ಮೊದಲ ಅಧ್ಯಾಯದಿಂದ ಸುಮ್ಮನೆ ಅಲಂಕಾರದಂತೆ ಕಾಣುತ್ತಿದ್ದ ನಿಯಮವೊಂದು ಇಲ್ಲಿ ಪ್ರೇಮದ ತಿರುಳಾಗುತ್ತದೆ.

ನಿಮ್ಮನ್ನು ಹಿಡಿದದ್ದು ಇದೇ ಎಂದು ನನ್ನ ಊಹೆ. ಇಂದಿನ ನಗರದ ಪ್ರೇಮ ಕಾದಂಬರಿಯಲ್ಲಿ ಇಬ್ಬರನ್ನು ದೂರವಿಡಲು ಬಲವಾದ ಕಾರಣವನ್ನು ಹುಡುಕುವುದೇ ಲೇಖಕರಿಗೆ ದೊಡ್ಡ ತಲೆನೋವು. ಒಂದು ಫೋನ್ ಕರೆಯಲ್ಲಿ ಬಗೆಹರಿಯುವ ತಪ್ಪುಗ್ರಹಿಕೆಯನ್ನು ಮುನ್ನೂರು ಪುಟ ಎಳೆಯಬೇಕಾಗುತ್ತದೆ. ಒಳ್ಳೆಯ ಫ್ಯಾಂಟಸಿ ಪ್ರೇಮಕಥೆಯಲ್ಲಿ ಮಾಯೆ ಎಂದರೆ ಒಂದು ಷರತ್ತು. ಶಾಪ, ಆಣೆ, ಮಾಡಿಕೊಂಡ ಒಪ್ಪಂದ, ಮುಟ್ಟಬಾರದೆಂಬ ಕಟ್ಟು – ಇವುಗಳಲ್ಲಿ ಒಂದು ಪ್ರೀತಿಗೆ ಬೆಲೆ ಕಟ್ಟುತ್ತದೆ, ಆ ಬೆಲೆಯನ್ನು ಯಾರಾದರೂ ತೆರಲೇಬೇಕಾಗುತ್ತದೆ. ತಾನು ಮಾಡುವುದನ್ನು ಪ್ರಶ್ನಿಸದಿರುವವರೆಗೆ ಮಾತ್ರ ಜೊತೆಗಿರುತ್ತೇನೆಂದು ಶಂತನುವಿಗೆ ಹೇಳಿ ಮದುವೆಯಾದ ಗಂಗೆಯ ಕಥೆಯನ್ನು ತರಗತಿಯಲ್ಲಿ ಹೇಳಿರುವ ನಿಮಗೆ ಈ ರಚನೆ ಬಹಳ ಹಿಂದಿನಿಂದಲೇ ಪರಿಚಿತ. ಇಂಥ ಪುಸ್ತಕವೊಂದು ಚೆನ್ನಾಗಿದೆಯೇ ಎಂದು ಅಳೆಯುವಾಗ ನಾನು ನೋಡುವುದೂ ಇದನ್ನೇ: ಕಥೆ ತಾನೇ ಒಡ್ಡಿದ ಷರತ್ತನ್ನು ಕೊನೆಯವರೆಗೆ ಪಾಲಿಸಿದೆಯೇ, ಅಥವಾ ಪ್ರೇಮಿಗಳಿಗೆ ಕಷ್ಟವಾದಾಗ ಸಡಿಲಿಸಿಕೊಂಡಿದೆಯೇ?

ಪ್ರಶ್ನೆ: ಹೈಸ್ಕೂಲಿನಲ್ಲಿ ಸ್ಟೆಫನಿ ಮೇಯರ್ ಅವರ ‘ಟ್ವಿಲೈಟ್’ ಓದಿ ಮರುಳಾಗಿದ್ದೆ. ಈಗ ಎಂಜಿನಿಯರಿಂಗ್ ಮುಗಿಸುವ ಹೊತ್ತಿಗೆ ಮತ್ತೆ ಓದಿದರೆ ಅದರ ನಾಯಕ, ರಕ್ತ ಕುಡಿಯುವ ವ್ಯಾಂಪೈರ್ ಎಡ್ವರ್ಡ್ ಭಯ ಹುಟ್ಟಿಸುತ್ತಾನೆ. ನಿಮ್ಮ ಅಭಿಪ್ರಾಯವೇನು? – ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಹೆದರಬೇಕಾದಲ್ಲೇ ಹೆದರಿದ್ದೀರಿ. ನಾಯಕಿ ಬೆಲ್ಲಾಳಿಗೆ ತಿಳಿಯದಂತೆ ರಾತ್ರಿ ಅವಳ ಕೋಣೆಗೆ ಬಂದು ಅವಳು ನಿದ್ರಿಸುವುದನ್ನು ನೋಡುತ್ತ ಕೂರುವವನು, ಮೂರನೆಯ ಭಾಗದಲ್ಲಿ ಅವಳು ಗೆಳೆಯನನ್ನು ಕಾಣಲು ಹೋಗದಂತೆ ಅವಳ ಟ್ರಕ್ಕಿನ ಎಂಜಿನ್ನನ್ನೇ ಕೆಡಿಸಿಡುವವನು ನಿಜಜೀವನದಲ್ಲಿ ಎದುರಾದರೆ ದೂರವಿರುವುದೇ ಒಳ್ಳೆಯದು. 2005ರಲ್ಲಿ ಮೊದಲ ಭಾಗ ಬಂದಾಗಿನಿಂದಲೇ ಈ ಟೀಕೆ ಇದೆ. ಬೆಲ್ಲಾ ಯಾವಾಗಲೂ ಕಾಪಾಡಿಸಿಕೊಳ್ಳುವವಳೇ ಆಗಿದ್ದಾಳೆ ಎಂಬ ಆಕ್ಷೇಪಕ್ಕೆ ಉತ್ತರವಾಗಿ ಮೇಯರ್ 2015ರಲ್ಲಿ ಹುಡುಗನನ್ನು ಮನುಷ್ಯನನ್ನಾಗಿಯೂ ಹುಡುಗಿಯನ್ನು ರಕ್ತಪಿಪಾಸುವನ್ನಾಗಿಯೂ ಮಾಡಿ ಅದೇ ಕಥೆಯನ್ನು ಮತ್ತೆ ಬರೆದರು.

ಆದರೂ ಹೈಸ್ಕೂಲಿನ ನಿಮ್ಮನ್ನು ಹೀಗಳೆಯಬೇಡಿ. ಮೊದಲ ಭಾಗದ ಷರತ್ತು ತೀವ್ರವಾದದ್ದು: ಅವನಿಗೆ ಅವಳ ಮೇಲಿರುವ ಆಸೆಗೂ ಅವಳ ರಕ್ತದ ಮೇಲಿರುವ ಹಸಿವಿಗೂ ನಡುವೆ ಕೂದಲೆಳೆಯ ಅಂತರ, ಒಂದು ಕ್ಷಣ ಮೈಮರೆತರೆ ಅವಳ ಪ್ರಾಣ ಹೋಗುತ್ತದೆ. ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಎಂಬ ಮಳೆ ಬಿಡದ ಸಣ್ಣ ಊರಿನಲ್ಲಿ, ಶಾಲೆಯ ಪ್ರಯೋಗಾಲಯದ ಒಂದೇ ಮೇಜಿನಲ್ಲಿ ಕೂತ ಇಬ್ಬರ ನಡುವೆ ಇದನ್ನು ಇಟ್ಟದ್ದರಲ್ಲಿ ಕೌಶಲವಿದೆ. ನನ್ನ ತಕರಾರು ನಾಲ್ಕನೆಯ ಭಾಗದ ಬಗ್ಗೆ. ಹೊಸದಾಗಿ ವ್ಯಾಂಪೈರ್ ಆಗಿ ರೂಪಾಂತರಗೊಂಡವರು ವರ್ಷಗಟ್ಟಲೆ ಹಸಿವಿನ ಉನ್ಮಾದದಲ್ಲಿರುತ್ತಾರೆ, ತಮ್ಮವರ ಹತ್ತಿರ ಸುಳಿಯಲಾರರು ಎಂದು ಮೂರು ಭಾಗಗಳುದ್ದಕ್ಕೂ ಹೆದರಿಸಿದ ಕಥೆ, ಬೆಲ್ಲಾಳ ಸರದಿ ಬಂದಾಗ ಅವಳಿಗೆ ಆ ಬಾಧೆಯನ್ನು ಬಹುಮಟ್ಟಿಗೆ ಮಾಫಿ ಮಾಡಿಬಿಡುತ್ತದೆ. ಗಂಡ, ಮಗು, ಅಪ್ಪ, ಗೆಳೆಯ, ಅಮರತ್ವ ಎಲ್ಲವೂ ಅವಳಿಗೆ ಸಿಗುತ್ತವೆ, ಕಳೆದುಕೊಳ್ಳುವುದು ಅತ್ಯಲ್ಪ. ಎಡ್ವರ್ಡನ ನಡವಳಿಕೆಗಿಂತ ಇದೇ ಆ ಸರಣಿಯ ದೊಡ್ಡ ಕೊರತೆ ಎಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ: ಹದಿಮೂರು ವರ್ಷದ ಮಗಳು ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಆ್ಯಂಡ್ ರೋಸಸ್’ ಬೇಕೆಂದು ಹಟ ಹಿಡಿದಿದ್ದಾಳೆ. ಅಂಗಡಿಯವರು ಅದು ಹದಿಹರೆಯದವರ ಪುಸ್ತಕವೆನ್ನುತ್ತಾರೆ. ಕೊಡಿಸಬಹುದೇ? – ತಂದೆ, ಮೈಸೂರು

ಉತ್ತರ: ಈಗ ಬೇಡ. 2015ರಲ್ಲಿ ಇದನ್ನು ಬ್ಲೂಮ್ಸ್‌ಬರಿ ಪ್ರಕಾಶನ ಹದಿಹರೆಯದವರ ಪಟ್ಟಿಯಲ್ಲೇ ಹೊರತಂದಿತು. ಅಂಗಡಿಗಳ ಗೊಂದಲಕ್ಕೆ ಅದೇ ಮೂಲ. ಆದರೆ ಸರಣಿಯಲ್ಲಿ ಮುಕ್ತವಾದ ಲೈಂಗಿಕ ದೃಶ್ಯಗಳಿವೆ, ಎರಡನೆಯ ಭಾಗದಿಂದ ಅವು ಇನ್ನೂ ಹೆಚ್ಚುತ್ತವೆ. 2020ರಲ್ಲಿ ಹೊಸ ಮುಖಪುಟ ತೊಡಿಸಿ ಪ್ರಕಾಶಕರೇ ಅದನ್ನು ವಯಸ್ಕರ ಸಾಲಿಗೆ ಸೇರಿಸಿದರು. 2023ರಲ್ಲಿ ಬಂದು ಮನೆಮಾತಾದ ರೆಬೆಕ್ಕಾ ಯಾರೋಸ್ ಅವರ ‘ಫೋರ್ತ್ ವಿಂಗ್’ ಕೂಡ ವಯಸ್ಕರಿಗೆಂದೇ ಬರೆದದ್ದು. ಡ್ರ್ಯಾಗನ್ ಇದೆ, ತರಬೇತಿ ಶಾಲೆ ಇದೆ ಎಂದ ಮಾತ್ರಕ್ಕೆ ಮಕ್ಕಳ ಪುಸ್ತಕವೆಂದು ತಿಳಿಯಬೇಡಿ. ಮುಖಪುಟ ನೋಡಿ ನಿರ್ಧರಿಸುವ ಬದಲು ನಡುವಿನ ಅಧ್ಯಾಯಗಳನ್ನು ನೀವೇ ಒಮ್ಮೆ ತಿರುವಿ ಹಾಕುವುದು ಉತ್ತಮ.

ಬೇಡವೆಂದಷ್ಟೇ ಹೇಳಿ ಕೈತೊಳೆದುಕೊಳ್ಳುವ ಬದಲು, ಆ ಕಾದಂಬರಿಯ ಬೇರುಗಳನ್ನು ಮಗಳಿಗೆ ತೋರಿಸಿ. ಅದರ ಒಂದು ಬೇರು ‘ಸುಂದರಿ ಮತ್ತು ಮೃಗ’ದ ಫ್ರೆಂಚ್ ಕಥೆ. 1740ರಲ್ಲಿ ಮದಾಂ ವಿಲ್‌ನವ್ ಅದನ್ನು ದೊಡ್ಡವರಿಗಾಗಿ ದೀರ್ಘವಾಗಿ ಬರೆದರು. 1756ರಲ್ಲಿ ಲಂಡನ್ನಿನಲ್ಲಿ ಮನೆಪಾಠದ ಅಧ್ಯಾಪಕಿಯಾಗಿದ್ದ ಮದಾಂ ಬೋಮೋಂ ಅದನ್ನು ಮೊಟಕುಗೊಳಿಸಿ ಎಳೆಯ ಹುಡುಗಿಯರ ಓದಿಗೆಂದು ಪ್ರಕಟಿಸಿದರು. ಯಾವುದು ದೊಡ್ಡವರ ಕಥೆ, ಯಾವುದು ಹುಡುಗಿಯರ ಕಥೆ ಎಂಬ ನಿಮ್ಮ ಮನೆಯ ಜಗಳ ಆಗಲೇ ಶುರುವಾಗಿತ್ತೆನ್ನಬಹುದು.

ಇನ್ನೊಂದು ಬೇರು ‘ಟ್ಯಾಮ್ ಲಿನ್’ ಎಂಬ ಸ್ಕಾಟ್ಲೆಂಡಿನ ಲಾವಣಿ. ಜಾನೆಟ್ ಎಂಬ ಹುಡುಗಿ ಹೋಗಬಾರದ ಕಾಡಿಗೆ ಹೋಗಿ ಗುಲಾಬಿ ಕೀಳುತ್ತಾಳೆ. ಫೇರಿಗಳ ರಾಣಿಯ ಸೆರೆಯಲ್ಲಿರುವ ಟ್ಯಾಮ್ ಲಿನ್ ಅಲ್ಲಿ ಪ್ರತ್ಯಕ್ಷನಾಗುತ್ತಾನೆ. ಅವನನ್ನು ಬಿಡಿಸಿಕೊಳ್ಳಬೇಕಾದರೆ ಹ್ಯಾಲೋವೀನ್ ರಾತ್ರಿ ಮೆರವಣಿಗೆಯಲ್ಲಿ ಬರುವ ಅವನನ್ನು ಕುದುರೆಯಿಂದ ಕೆಳಗೆಳೆದು ತೋಳಿನಲ್ಲಿ ಬಿಗಿಹಿಡಿಯಬೇಕು. ಅವರು ಅವನನ್ನು ಹಾವಾಗಿಸುತ್ತಾರೆ, ಕಾಡುಮೃಗವಾಗಿಸುತ್ತಾರೆ, ಕೊನೆಗೆ ಕಾದ ಕಬ್ಬಿಣವಾಗಿಸುತ್ತಾರೆ; ಏನಾದರೂ ಕೈಬಿಡಬಾರದು. ಅವಳು ಬಿಡುವುದಿಲ್ಲ. ಹದಿಮೂರರ ಹುಡುಗಿಗೆ ಈ ಲಾವಣಿಯನ್ನು ಧಾರಾಳವಾಗಿ ಹೇಳಬಹುದು. ಮಾಸ್ ಅವರ ನಾಯಕನ ಹೆಸರು ಎಲ್ಲಿಂದ ಬಂತೆಂದು ಅವಳೇ ಕಂಡುಹಿಡಿಯಲಿ.

ಪ್ರಶ್ನೆ: ಪದವಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷ್ ಕಾದಂಬರಿ ಓದುವ ಅಭ್ಯಾಸ ಈಗಷ್ಟೇ. ತಂಗಿಯ ಒತ್ತಾಯಕ್ಕೆ ಲೀ ಬಾರ್ಡುಗೊ ಅವರ ‘ಸಿಕ್ಸ್ ಆಫ್ ಕ್ರೋಸ್’ ಹಿಡಿದೆ, ಐವತ್ತು ಪುಟಕ್ಕೆ ಸೋತು ಕೆಳಗಿಟ್ಟೆ. ಈ ಬಗೆಯ ಪುಸ್ತಕವನ್ನು ಎಲ್ಲಿಂದ ಆರಂಭಿಸಬೇಕು? ಗಂಡಸರೂ ಇವನ್ನು ಓದುತ್ತಾರೆಯೇ? – ಬ್ಯಾಂಕ್ ನೌಕರ, ಹಾವೇರಿ

ಉತ್ತರ: ಎರಡನೆಯ ಪ್ರಶ್ನೆಗೆ: ಓದುತ್ತಾರೆ, ನೀವೇ ಓದುತ್ತಿದ್ದೀರಲ್ಲ.

ಮೊದಲನೆಯದಕ್ಕೆ ನನ್ನ ಸಲಹೆ ಡಯಾನಾ ವಿನ್ ಜೋನ್ಸ್ ಅವರ ‘ಹೌಲ್ಸ್ ಮೂವಿಂಗ್ ಕ್ಯಾಸಲ್’. 1986ರ ಪುಸ್ತಕ, ಹಯಾವೊ ಮಿಯಾಝಾಕಿ ಅವರ 2004ರ ಅನಿಮೇಷನ್ ಚಿತ್ರಕ್ಕೆ ಇದೇ ಆಧಾರ, ಆದರೆ ಚಿತ್ರ ಕಥೆಯನ್ನು ಬೇರೆ ಕಡೆಗೆ ಒಯ್ಯುತ್ತದೆ. ಹ್ಯಾಟಿನಂಗಡಿಯ ಹುಡುಗಿ ಸೋಫಿಯನ್ನು ಮಾಟಗಾತಿಯೊಬ್ಬಳು ಮುದುಕಿಯನ್ನಾಗಿ ಮಾಡುತ್ತಾಳೆ, ಅದೂ ಆ ಶಾಪದ ವಿಷಯವನ್ನು ಯಾರಿಗೂ ಹೇಳಲಾಗದಂತೆ. ಅವಳು ಮಾಂತ್ರಿಕ ಹೌಲ್‌ನ ನಡೆದಾಡುವ ಕೋಟೆಯನ್ನು ಹೊಕ್ಕು ಒಲೆಯಲ್ಲಿ ಕೂತ ಬೆಂಕಿಭೂತ ಕ್ಯಾಲ್ಸಿಫರ್‌ನೊಂದಿಗೆ ಕರಾರು ಮಾಡಿಕೊಳ್ಳುತ್ತಾಳೆ: ಅವನಿಗೂ ಹೌಲ್‌ಗೂ ಇರುವ ಒಪ್ಪಂದವನ್ನು ಅವಳು ಮುರಿದರೆ ಅವನು ಅವಳ ಶಾಪ ಬಿಡಿಸುತ್ತಾನೆ. ಆ ಒಪ್ಪಂದವೇನೆಂದು ಹೇಳುವ ಹಾಗೆ ಅವನಿಗೂ ಇಲ್ಲ. ಬಾಯಿಬಿಡಲಾಗದ ಇಬ್ಬರು ಪರಸ್ಪರರ ಗುಟ್ಟನ್ನು ಊಹಿಸಬೇಕಾದ ಈ ಪರಿಸ್ಥಿತಿ ಎಷ್ಟು ತಮಾಷೆಯಾಗಿದೆಯೋ ಅಷ್ಟೇ ಜಾಣತನದ್ದು. ಮುದುಕಿಯಾದ ಮೇಲೆ ಸೋಫಿಗೆ ನಾಚಿಕೆ ಹೋಗಿ ಬಾಯಿ ಬರುತ್ತದೆ. ಸೋಗಲಾಡಿಯೂ ಪುಕ್ಕಲನೂ ಆದ ಹೌಲ್ ಅವಳ ಬೈಗುಳ ತಿನ್ನುತ್ತ, ಓದುಗರ ಕಣ್ಣು ತಪ್ಪಿಸಿ ಪ್ರೀತಿಸತೊಡಗುತ್ತಾನೆ. ವಾಕ್ಯಗಳು ಚಿಕ್ಕವು, ಕಥೆ ಒಂದೇ ಸಂಪುಟದಲ್ಲಿ ಮುಗಿಯುತ್ತದೆ. ಅದಾದ ಮೇಲೆ ‘ದಿ ಕ್ರೂಯಲ್ ಪ್ರಿನ್ಸ್’ ಹಿಡಿಯಿರಿ. ಒಬ್ಬಳೇ ನಿರೂಪಕಿ ಇರುವುದರಿಂದ ದಾರಿ ತಪ್ಪುವುದಿಲ್ಲ.

ನೀವು ‘ಸಿಕ್ಸ್ ಆಫ್ ಕ್ರೋಸ್’ನಲ್ಲಿ ಸೋತದ್ದು ಸಹಜ. 2015ರ ಆ ಕಾದಂಬರಿ ಐದು ಮಂದಿಯ ಕಣ್ಣಿನಿಂದ ಸರದಿಯಂತೆ ಸಾಗುತ್ತದೆ, ಲೇಖಕಿ ಹಿಂದಿನ ಸರಣಿಯಲ್ಲಿ ಕಟ್ಟಿದ ಲೋಕದ ಪದಗಳನ್ನು ವಿವರಣೆಯಿಲ್ಲದೆ ಬಳಸುತ್ತದೆ. ಆದರೆ ಅದನ್ನು ಪೂರ್ತಿ ಕೈಬಿಡಬೇಡಿ. ಕಥೆಯ ಹೊರಮೈ ದರೋಡೆಯದು; ಕೆಟರ್‌ಡಾಮ್ ಎಂಬ, ಹಳೆಯ ಆಮ್‌ಸ್ಟರ್‌ಡಾಮನ್ನು ನೆನಪಿಸುವ ಕಾಲುವೆಗಳ ವ್ಯಾಪಾರಿ ನಗರದ ಗ್ಯಾಂಗಿನ ಹುಡುಗರದು. ಅವರ ನಾಯಕ ಕಾಝ್ ಕೈಗವಸು ತೆಗೆಯುವುದೇ ಇಲ್ಲ. ಬಾಲ್ಯದಲ್ಲಿ ಪಿಡುಗು ಬಂದಾಗ ಸತ್ತ ಅಣ್ಣನ ಹೆಣವನ್ನೇ ಆಸರೆಯಾಗಿ ಹಿಡಿದು ಸಮುದ್ರ ಈಜಿ ದಡ ಸೇರಿದವನಿಗೆ ಇನ್ನೊಬ್ಬರ ಚರ್ಮದ ಸ್ಪರ್ಶ ಎಂದರೆ ಆ ಹೆಣದ ನೆನಪು. ಅವನು ಪ್ರೀತಿಸುವ ಇನೆಜ್‌ಳನ್ನು ಹಿಂದೆ ಗುಲಾಮರ ವ್ಯಾಪಾರಿಗಳು ವೇಶ್ಯಾಗೃಹಕ್ಕೆ ಮಾರಿದ್ದರು. ಅವಳಿಗೂ ಸ್ಪರ್ಶ ಹಗುರವಾದ ಸಂಗತಿಯಲ್ಲ. ಇಲ್ಲಿ ಷರತ್ತನ್ನು ಹಾಕಿದ್ದು ಯಾವ ಮಾಟಗಾರನೂ ಅಲ್ಲ, ಅವರ ಗತ. ಎರಡನೆಯ ಸಂಪುಟದಲ್ಲಿ ಕಾಝ್ ಬರಿಗೈಯಲ್ಲಿ ಅವಳ ಗಾಯದ ಪಟ್ಟಿ ಬದಲಿಸುವ ದೃಶ್ಯವಿದೆ. ಹತ್ತಿಯಿಂದ ಗಾಯ ಒರೆಸಿ ಹೊಸ ಬಟ್ಟೆ ಸುತ್ತುವುದು, ಅಷ್ಟೇ ಕೆಲಸ. ಆ ಕೆಲವು ಪುಟಗಳಲ್ಲಿ ಅವನು ಮತ್ತೆ ಮತ್ತೆ ಮುಳುಗುತ್ತಾನೆ, ಮತ್ತೆ ಮತ್ತೆ ಮೇಲೇಳುತ್ತಾನೆ. ಶೃಂಗಾರವೆಂದರೆ ಏನೆಂದು ನಮ್ಮ ಅನೇಕ ಸಿನಿಮಾ ನಿರ್ದೇಶಕರು ಈ ದೃಶ್ಯ ಓದಿ ಕಲಿಯಬಹುದು. ಇಬ್ಬರೂ ವಾಸಿಯಾದರೆಂದು ಬಾರ್ಡುಗೊ ಸುಳ್ಳು ಹೇಳುವುದಿಲ್ಲ. ಕೊನೆಗೆ ಸಿಗುವುದು ಬರಿಗೈಯಲ್ಲಿ ಹಿಡಿದ ಒಂದು ಕೈ ಮಾತ್ರ. ಎರಡು ಪುಸ್ತಕಗಳ ದೂರ ನಡೆದು ಬಂದವರಿಗೆ ಅದು ಸಣ್ಣದೆನಿಸುವುದಿಲ್ಲ.

ಪ್ರಶ್ನೆ: ಈ ಕಾದಂಬರಿಗಳ ಸಿನಿಮಾ, ಸರಣಿಗಳನ್ನು ನೋಡಿದರೆ ಸಾಲದೇ? – ಓದುಗ, ಬಳ್ಳಾರಿ

ಉತ್ತರ: ಸಾಲದು. ಬಾರ್ಡುಗೊ ಅವರ ಕಾದಂಬರಿಗಳನ್ನು ಆಧರಿಸಿದ ‘ಶ್ಯಾಡೋ ಆ್ಯಂಡ್ ಬೋನ್’ ನೆಟ್‌ಫ್ಲಿಕ್ಸಿನಲ್ಲಿ 2021ರಲ್ಲಿ ಆರಂಭವಾಗಿ ಎರಡು ಋತುಗಳಿಗೇ ನಿಂತುಹೋಯಿತು, ಕಥೆ ಅರ್ಧಕ್ಕೇ ಉಳಿಯಿತು.

ಪ್ರಶ್ನೆ: ನಮ್ಮಲ್ಲಿ ಇಂಥದ್ದೇಕೆ ಇಲ್ಲ? ಹದಿಹರೆಯದವರು ಕನ್ನಡದಲ್ಲಿ ಓದಲು ಮಾಯೆಯೂ ಪ್ರೇಮವೂ ಕೂಡಿದ ಕೃತಿಗಳಿವೆಯೇ? – ಗ್ರಂಥಪಾಲಕಿ, ಧಾರವಾಡ

ಉತ್ತರ: ಹದಿಹರೆಯದವರಿಗೆಂದೇ ಬರೆದ ದೊಡ್ಡ ಕಾದಂಬರಿ ಪರಂಪರೆ ಕನ್ನಡದಲ್ಲಿ ಬೆಳೆದಿಲ್ಲವೆಂಬುದು ನಿಜ. ನನ್ನ ಗ್ರಹಿಕೆಯಲ್ಲಿ ಕಾರಣ ಸರಳ: ಮಾಟ, ಶಾಪ, ರಾಜಕುಮಾರಿಯರು ಚಂದಮಾಮ, ಬಾಲಮಂಗಳಗಳ ಪಾಲಿಗೆ ಹೋದವು; ಪ್ರೇಮ, ದಾಂಪತ್ಯಗಳು ವಾರಪತ್ರಿಕೆಯ ಧಾರಾವಾಹಿಗಳಿಗೂ ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆಯವರಂಥ ಲೇಖಕಿಯರಿಗೂ ಸೇರಿದವು. ಮನೆಯಲ್ಲಿ ಎರಡೂ ಬರುತ್ತಿದ್ದವು, ಆದರೆ ಒಂದು ಮಕ್ಕಳ ಕೈಗೆ, ಇನ್ನೊಂದು ಅಮ್ಮಂದಿರ ಕೈಗೆ. ಹದಿನಾರರ ಹುಡುಗಿ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಕದ್ದು ಓದುವಳೆಂದೇ ಎಲ್ಲರೂ ತಿಳಿದಿದ್ದರು.

ಎರಡೂ ಬೇರ್ಪಡದೆ ಒಂದಾಗಿ ಉಳಿದದ್ದು ಮನೆಯ ಹೆಂಗಸರು ಹೇಳುತ್ತಿದ್ದ ಕಥೆಗಳಲ್ಲಿ. ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ ಹೂವಿನ ಮರವಾಗುವ ಹುಡುಗಿಯ ಕಥೆಯನ್ನು ನೋಡಿ. ಒಂದು ಕೊಡ ನೀರು ಸುರಿದರೆ ಅವಳು ಮರವಾಗುತ್ತಾಳೆ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿಯಾಗುತ್ತಾಳೆ. ಷರತ್ತೇನೆಂದರೆ ಹೂವನ್ನು ಮೆಲ್ಲಗೆ ಬಿಡಿಸಬೇಕು, ಎಲೆಗೂ ಟೊಂಗೆಗೂ ಪೆಟ್ಟಾಗಬಾರದು. ಮದುವೆಯಾದ ರಾಜಕುಮಾರನಿಗೆ ಆ ಮರವನ್ನು ನೋಡುವ ಆಸೆ. ನಾದಿನಿಗೂ ಅವಳ ಗೆಳತಿಯರಿಗೂ ಕುತೂಹಲ. ಅವರು ಟೊಂಗೆ ಮುರಿದು, ನೀರನ್ನು ಅರೆಬರೆ ಸುರಿದು ಓಡುತ್ತಾರೆ, ಅವಳು ಅತ್ತ ಮರವೂ ಅಲ್ಲದೆ ಇತ್ತ ಹೆಣ್ಣೂ ಅಲ್ಲದೆ ಉಳಿಯುತ್ತಾಳೆ. ಗಿರೀಶ ಕಾರ್ನಾಡರು ಇದನ್ನು 1992ರಲ್ಲಿ ‘ಚೆಲುವಿ’ ಎಂಬ ಹಿಂದಿ ಚಿತ್ರವನ್ನಾಗಿಸಿದರು. ಮದುವೆಯಾದ ಹೊಸತರಲ್ಲಿ ಹುಡುಗಿಯ ಮೈ ಯಾರ ಯಾರ ಕುತೂಹಲಕ್ಕೆ ಈಡಾಗುತ್ತದೆ ಎಂಬುದನ್ನು ಇಷ್ಟು ನೇರವಾಗಿ ಹೇಳುವ ಇನ್ನೊಂದು ಪ್ರೇಮಕಥೆ ನನಗೆ ಗೊತ್ತಿಲ್ಲ.

ಕಾರ್ನಾಡರ ‘ನಾಗಮಂಡಲ’ ನಾಟಕವನ್ನು (1988) ಪಿಯುಸಿ ಮಕ್ಕಳು ನಿರಾತಂಕವಾಗಿ ಓದಬಹುದು. ಗಂಡನನ್ನು ಒಲಿಸಿಕೊಳ್ಳಲೆಂದು ಅರೆದ ಬೇರಿನ ಸಾರು ರಕ್ತದಂತೆ ಕೆಂಪಾಗಿ ಕುದಿಯುವುದನ್ನು ಕಂಡು ಹೆದರಿದ ರಾಣಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಅಲ್ಲಿದ್ದ ನಾಗ ಅವಳಿಗೆ ಮರುಳಾಗಿ, ಗಂಡನ ರೂಪ ತಾಳಿ ರಾತ್ರಿ ರಾತ್ರಿ ಬರುತ್ತದೆ. ಹಗಲಿನ ಗಂಡನೇಕೆ ಹಾಗೆ, ಇರುಳಿನವನೇಕೆ ಹೀಗೆ ಎಂದು ಅವಳು ಕೇಳಬಾರದು. ಪಂಚಾಯತಿ ಸೇರಿ ಅವಳ ಶೀಲಪರೀಕ್ಷೆಗೆ ಇಳಿದಾಗ ಅವಳು ಹುತ್ತದೊಳಗೆ ಕೈಯಿಟ್ಟು, ಗಂಡನನ್ನೂ ಈ ನಾಗರವನ್ನೂ ಬಿಟ್ಟು ಬೇರೆ ಗಂಡಸನ್ನು ಮುಟ್ಟಿಲ್ಲವೆಂದು ಆಣೆ ಮಾಡುತ್ತಾಳೆ. ಅದು ಅಕ್ಷರಶಃ ನಿಜ, ಮತ್ತು ಕೇಳಿದವರಲ್ಲಿ ಒಬ್ಬರಿಗೂ ಆ ನಿಜ ಅರ್ಥವಾಗುವುದಿಲ್ಲ. ಶಿವಮೊಗ್ಗದ ಶಿಕ್ಷಕಿಯವರು ಈ ದೃಶ್ಯವನ್ನೂ ಸುಳ್ಳಾಡಲಾರದ ಕಾರ್ಡನ್‌ನ ತಪ್ಪೊಪ್ಪಿಗೆಯನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ ತರಗತಿಗೆ ಒಳ್ಳೆಯ ಪಾಠವಾದೀತು.

ನಿಮ್ಮ ಗ್ರಂಥಾಲಯಕ್ಕೆ ಇಂಗ್ಲಿಷ್ ಪುಸ್ತಕ ತರಿಸುವ ಅವಕಾಶವಿದ್ದರೆ ರೋಶನಿ ಚೋಕ್ಷಿ ಅವರ ‘ದಿ ಸ್ಟಾರ್-ಟಚ್ಡ್ ಕ್ವೀನ್’ (2016) ಸೇರಿಸಿಕೊಳ್ಳಿ. ಲೇಖಕಿ ಅಮೆರಿಕದವರು, ತಂದೆ ಭಾರತೀಯ ಮೂಲದವರು. ನಾಯಕಿ ಮಾಯಾಳ ಜಾತಕದಲ್ಲಿ ಅವಳ ಮದುವೆಯ ಜೊತೆಗೆ ಸಾವು ಬರೆದಿದೆ. ಆ ಕಾರಣಕ್ಕೆ ಅರಮನೆಯೇ ಅವಳನ್ನು ದೂರವಿಡುತ್ತದೆ. ಕೈಹಿಡಿದ ಅಮರ್ ಅಮಾವಾಸ್ಯೆಯವರೆಗೆ ತನ್ನನ್ನು ನಂಬಬೇಕು, ಗುಟ್ಟು ಕೇಳಬಾರದು ಎನ್ನುತ್ತಾನೆ. ಭಾಷೆ ಕೆಲವೆಡೆ ಅತಿಯಾಗಿ ಸಿಂಗರಿಸಿಕೊಂಡಿದೆ, ನಡುಭಾಗ ಸ್ವಲ್ಪ ಎಳೆಯುತ್ತದೆ. ಆದರೂ ಕುಜದೋಷದ ಹೆಸರಿನಲ್ಲಿ ಮದುವೆಗಳು ಮುರಿದುಬೀಳುವುದನ್ನು ಕಂಡಿರುವ ಧಾರವಾಡದ ಹುಡುಗಿಯರಿಗೆ ಮಾಯಾಳ ಸಿಟ್ಟನ್ನು ಯಾರೂ ವಿವರಿಸಿ ಹೇಳಬೇಕಾಗುವುದಿಲ್ಲ. ಕೊಳ್ಳುವ ಮೊದಲು ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಗಳಲ್ಲಿ ಒಮ್ಮೆ ವಿಚಾರಿಸಿ. ಈ ಬಗೆಯ ಪುಸ್ತಕಗಳನ್ನು ಓದಿ ಮುಗಿಸಿದ ವಿದ್ಯಾರ್ಥಿಗಳು ಅಲ್ಲಿಗೇ ತಂದು ಮಾರುತ್ತಾರೆ.